ಹತ್ತಿ ಗೋದಾಮಿನಲ್ಲಿ ರೈಫಲ್ ಪಾಠ: ರಾಯಚೂರಿನಲ್ಲಿ ಮನೆಮಂದಿಯ ವಾರಾಂತ್ಯ

ಶುಕ್ರವಾರ

ನಮ್ಮ ಕಡೆ ಮಕ್ಕಳು ಬಂದೂಕನ್ನ ಮೊದಲು ಕೈಯಲ್ಲಿ ಹಿಡಿಯುವುದು ಜಾತ್ರೆಯಲ್ಲೇ. ಹಲಗೆಯ ಮೇಲೆ ಸಾಲು ಸಾಲು ಬಲೂನು, ಎದುರಿಗೆ ಮೇಜಿನ ಮೇಲೊಂದು ಹಳೇ ಏರ್ ಗನ್. ದುಡ್ಡು ಕೊಟ್ಟರೆ ಅಂಗಡಿಯವನೇ ಗುಂಡು ತುಂಬಿ ಕೈಗೆ ಕೊಡುತ್ತಾನೆ. ಹೇಗೆ ಹಿಡಿಯಬೇಕು, ಎಲ್ಲಿ ನೋಡಬೇಕು ಅಂತ ಯಾರೂ ಹೇಳಲ್ಲ. ಬಲೂನ್ ಒಡೆದರೆ ಚಪ್ಪಾಳೆ, ತಪ್ಪಿದರೆ ನಗು, ಅಷ್ಟೇ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನನ್ನ ಮಗಳೂ ಹಾಗೇ ಹೊಡೆದಿದ್ದಳು. ಮನೆಗೆ ಬರುವಾಗ ಕೇಳಿದಳು: "ಅವ್ವಾ, ಅದನ್ನ ಸರಿಯಾಗಿ ಹೊಡಿಯೋದು ಹೆಂಗ?" ನನಗಾಗಲಿ, ಇವರಿಗಾಗಲಿ ಗೊತ್ತಿರಲಿಲ್ಲ. ಆ ಪ್ರಶ್ನೆ ತಿಂಗಳುಗಟ್ಟಲೆ ಮನೆಯಲ್ಲೇ ಉಳಿದಿತ್ತು.

ಹಾಗಾಗಿ ರಾಯಚೂರಿನಿಂದ ನಾದಿನಿ ಫೋನ್ ಮಾಡಿ, "ವೈನಿ, ಇಲ್ಲಿ ಶನಿವಾರ, ಭಾನುವಾರ ರೈಫಲ್ ಶೂಟಿಂಗ್ ಶಿಬಿರ ಐತಂತ. ಹೊಸಬರಿಗೇ ಮಾಡ್ಯಾರ. ಮನಿಮಂದಿ ಎಲ್ಲಾ ಬರಬಹುದು" ಅಂದಾಗ ಎರಡು ಮಾತಿಲ್ಲದೆ ಹೊರಟೆವು. ಮಾವ ಬಂದದ್ದು ತಮ್ಮ ಮಗಳನ್ನು, ಅಂದರೆ ನಾದಿನಿಯನ್ನು ನೋಡಲು. ಶಿಬಿರದ ಮಾತು ಎತ್ತಿದರೆ, "ಈ ವಯಸ್ಸಿನ್ಯಾಗ ನನಗ್ಯಾಕವ್ವ ಬಂದೂಕು" ಅಂತ ಕೈ ಆಡಿಸಿದ್ದರು.

ಗಂಗಾವತಿಯಿಂದ ಸಂಜೆ ಬಸ್ಸು. ಡಿಸೆಂಬರ್ ಅಲ್ವಾ, ಭತ್ತದ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಾರಟಗಿ ದಾಟುವವರೆಗೂ ಅಕ್ಕಿ ಗಿರಣಿಗಳ ತೌಡಿನ ವಾಸನೆ. ರಸ್ತೆ ಅಂಚಿಗೆ ಒಣ ಹಾಕಿದ ಭತ್ತ, ಅದರ ಮೇಲೆ ಹೊದಿಸಿದ ನೀಲಿ ತಾಡಪತ್ರಿ. ಸಿಂಧನೂರಿನಲ್ಲಿ ಚಹಾ. ಮಾನ್ವಿ ಬರುವಷ್ಟರಲ್ಲಿ ಪೂರಾ ಕತ್ತಲು, ಮಗಳಿಗೆ ನಿದ್ದೆ. ರಾಯಚೂರಿನಲ್ಲಿ ಇಳಿದಾಗ ಗಾಳಿ ತಣ್ಣಗಿತ್ತು. ಬೇಸಿಗೆಯಲ್ಲಿ ಈ ಊರು ಹೇಗಿರುತ್ತೆ ಅಂತ ಬಲ್ಲವರಿಗೆ ಆ ತಂಪಿನ ಬೆಲೆ ಗೊತ್ತು.

ಶನಿವಾರ

ಬೆಳಿಗ್ಗೆ ವಗ್ಗರಣಿ, ಮಿರ್ಚಿ ತಿಂದು ಗಂಜ್ ಕಡೆ ಹೊರಟೆವು. ಶಿಬಿರ ಇದ್ದದ್ದು ಒಂದು ಹಳೇ ಹತ್ತಿ ಗೋದಾಮಿನಲ್ಲಿ. ಹತ್ತಿ ಖಾಲಿಯಾಗಿ ಎಷ್ಟೋ ದಿನವಾಗಿದ್ದರೂ ಗೋಡೆಯ ಬಿರುಕುಗಳಲ್ಲಿ, ತೊಲೆಗಳ ಸಂದಿಯಲ್ಲಿ ಬಿಳಿ ಎಳೆಗಳು ಹಾಗೇ ಇದ್ದವು. ಆ ಕೊನೆಯ ಗೋಡೆಗೆ ಮರಳಿನ ಚೀಲ ಒಟ್ಟಿದ್ದರು. ಅದರ ಮುಂದೆ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ತಗಡುಗಳು. ತಗಡಿನ ಮುಂದೆ ಗುರಿಯ ವೃತ್ತಗಳಿರುವ ಕಾರ್ಡು ಸಿಗಿಸುವ ಚೌಕಟ್ಟು, ಮೇಲೆ ಬಿಳಿ ಟ್ಯೂಬ್‌ಲೈಟ್. ಈ ಕಡೆ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಎಳೆದ ಕೆಂಪು ಗೆರೆ. ಗೆರೆಯಿಂದ ಕಾರ್ಡಿಗೆ 10 ಮೀಟರ್.

ಕಲಿಸುವವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು, ದೇವದುರ್ಗದ ಕಡೆಯವರು. ಅವರ ಜೊತೆ ಎನ್‌ಸಿಸಿ ನೋಡಿಕೊಳ್ಳುವ ಒಬ್ಬ ಮೇಡಂ. ಬಂದಿದ್ದವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಶಕ್ತಿನಗರದ ಒಂದು ಕುಟುಂಬ ಅಜ್ಜಿಯನ್ನೂ ಕರೆತಂದಿತ್ತು. ಅದನ್ನು ನೋಡಿ ಮಾವ ಮೆಲ್ಲಗೆ ಒಂದು ಕುರ್ಚಿ ಎಳೆದುಕೊಂಡು ಕೂತರು.

ಮೊದಲ ಒಂದು ಗಂಟೆ ಯಾರ ಕೈಗೂ ರೈಫಲ್ ಕೊಡಲಿಲ್ಲ. ಅವು ಮೇಜಿನ ಮೇಲಿದ್ದವು. ಪ್ರತಿಯೊಂದರ ಗುಂಡು ತುಂಬುವ ಜಾಗದಿಂದ ಕಿತ್ತಳೆ ಬಣ್ಣದ ದಾರ ಹೊರಗೆ ಕಾಣುತ್ತಿತ್ತು. ದಾರ ಕಾಣುತ್ತಿದ್ದರೆ ಬಂದೂಕು ಖಾಲಿ ಅಂತ ದೂರದಿಂದಲೇ ಗೊತ್ತಾಗಬೇಕು. ಸುಬೇದಾರರು ಹೇಳಿದ ನಿಯಮಗಳು ನಾಲ್ಕೇ. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ತಿಳಿ. ಮೂತಿ ಯಾವಾಗಲೂ ಮರಳಿನ ಚೀಲದ ಕಡೆ. ಗುರಿಯ ಮೇಲೆ ಕಣ್ಣು ಕೂರುವವರೆಗೂ ಬೆರಳು ಟ್ರಿಗರ್‌ನ ಹೊರಗೆ. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಲಿ. ಹೇಳುವಾಗ ಅವರು ದನಿ ಏರಿಸಲಿಲ್ಲ. ಆದರೆ ಯಾರಾದರೂ ಪಕ್ಕಕ್ಕೆ ತಿರುಗಿ ಮಾತಾಡಿದರೆ ಸುಮ್ನೆ ನಿಂತುಬಿಡುತ್ತಿದ್ದರು, ಆ ಮಾತು ಮುಗಿಯುವವರೆಗೆ.

ಆಮೇಲೆ ಅವರು ಮಾಡಿಸಿದ್ದು ನನಗೆ ತುಂಬಾ ಹಿಡಿಸಿತು. "ಇಲ್ಲಿ ಹುಕುಂ ಕೊಡೋದು ನಾನು ಒಬ್ಬನೇ. ಆದರೆ ಸ್ಟಾಪ್ ಅನ್ನೋದು ಯಾರು ಬೇಕಾದರೂ ಅನ್ನಬಹುದು. ಏನರ ತಪ್ಪು ಕಂಡರ ಒದರಿಬಿಡ್ರಿ. ಯಾರೂ ಬೈಯಂಗಿಲ್ಲ" ಅಂದರು. ಅಲ್ಲಿದ್ದವರಲ್ಲೇ ಸಣ್ಣ ಹುಡುಗಿಯನ್ನು ಮುಂದೆ ಕರೆದು ಸ್ಟಾಪ್ ಅನ್ನಲು ಹೇಳಿದರು. ಅವಳು ನಾಚಿಕೊಂಡು ಮೆಲ್ಲಗೆ ಅಂದಳು. "ಕೇಳಲಿಲ್ಲ ಬೇಟಾ." ಎರಡನೇ ಸಲ ಗೋದಾಮಿನ ತಗಡಿನ ಸೂರು ಮಾರ್ದನಿ ಕೊಡುವ ಹಾಗೆ ಕೂಗಿದಳು. ದೊಡ್ಡವರೆಲ್ಲ, ಸುಬೇದಾರರೂ ಸೇರಿ, ಕೈ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಮನೆಯಲ್ಲಿ ಮಕ್ಕಳ ಮಾತಿಗೆ ದೊಡ್ಡವರು ಹೀಗೆ ಥಟ್ಟನೆ ನಿಲ್ಲುವುದು ಎಷ್ಟು ಅಪರೂಪ!

ನಂತರ ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಚಾಚಿ, ಬೆರಳುಗಳ ನಡುವೆ ಸಣ್ಣ ತ್ರಿಕೋನದ ಕಿಂಡಿ ಮಾಡಿ, ಅದರೊಳಗೆ ಗೋಡೆಯ ಗಡಿಯಾರ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು. ನನ್ನ ಮಗಳು ಬರೆಯುವುದು, ಉಣ್ಣುವುದು ಬಲಗೈಯಲ್ಲಿ. ಕಣ್ಣು ಮಾತ್ರ ಎಡದ್ದು. ಜಾತ್ರೆಯಲ್ಲಿ ಬಲ ಹೆಗಲಿಗೆ ಬಂದೂಕು ಇಟ್ಟು ಅವಳು ಯಾಕೆ ಅಷ್ಟು ಒದ್ದಾಡಿದಳು ಅಂತ ಆಗ ತಿಳಿಯಿತು. "ಈಗಿನ್ನೂ ಕಲಿಯಾಕತ್ತೀಯಲ್ಲ, ಎಡ ಹೆಗಲಿಗೇ ಇಡು" ಅಂದರು ಮೇಡಂ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬಾರದಂತೆ. ಮುಚ್ಚಿದರೆ ಮುಖವೆಲ್ಲ ಬಿಗಿಯಾಗಿ, ನೋಡುವ ಕಣ್ಣಿಗೂ ದಣಿವು. ಅದಕ್ಕೇ ಶೂಟರ್‌ಗಳು ಹಣೆಪಟ್ಟಿಗೆ ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ಸಿಗಿಸಿಕೊಂಡು ಆ ಕಣ್ಣಿನ ಮುಂದೆ ಬಿಡುತ್ತಾರೆ. ಬೆಳಕು ಬರುತ್ತದೆ, ಚಿತ್ರ ಕಾಣಲ್ಲ.

ಗುರಿ ಹಿಡಿಯುವುದು ಅಂದರೆ ಗುರಿಯನ್ನು ದಿಟ್ಟಿಸಿ ನೋಡುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ಸುಬೇದಾರರು ಸುಣ್ಣದ ಕಡ್ಡಿ ಹಿಡಿದು ಗೋಡೆಯ ಮೇಲೆ ಲೆಕ್ಕ ಬರೆದರು. ರೈಫಲ್ಲಿನ ಮೇಲೆ ಗುರಿ ನೋಡಲು ಇರುವ ಗುರುತುಗಳೇ ಸೈಟು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಗುರಿ ಇರುವುದು 10 ಮೀಟರ್‌ನಲ್ಲಿ, ಅಂದರೆ 20 ಪಟ್ಟು ದೂರ. ಮುಂದಿನ ಸೈಟು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಕಾರ್ಡಿನ ಮೇಲೆ 10 ಮಿಲಿಮೀಟರ್ ತಪ್ಪು. ಏರ್ ರೈಫಲ್ ಕಾರ್ಡಿನಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್. ಒಂದೊಂದು ವೃತ್ತ ದಾಟಿದರೆ ಒಂದೊಂದು ಅಂಕ ಕಡಿಮೆ, ಅಲ್ಲಿಗೆ ನಾಲ್ಕು ಅಂಕ ಹೋಯಿತು. ಅದೇ, ಎರಡೂ ಸೈಟು ಸಾಲಾಗಿಯೇ ಇದ್ದು ಇಡೀ ರೈಫಲ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಕಾರ್ಡಿನಲ್ಲೂ ಅರ್ಧ ಮಿಲಿಮೀಟರ್ ಅಷ್ಟೇ ತಪ್ಪು. ಅದಕ್ಕೆ ಕಣ್ಣು ನಿಲ್ಲಬೇಕಾದ್ದು ಮುಂದಿನ ಸೈಟಿನ ಮೇಲೆ. ಗುರಿ ಮಬ್ಬಾಗಿ ಕಂಡರೂ ಪರವಾಗಿಲ್ಲ, ಮಬ್ಬಾಗಿಯೇ ಕಾಣಬೇಕು. ನಾನು ಮಕ್ಕಳಿಗೆ ಗಣಿತ ಹೇಳುವವಳು. ಸಮರೂಪ ತ್ರಿಕೋನವನ್ನು ಇಷ್ಟು ಚೆನ್ನಾಗಿ ಕಲಿಸಿದ ಪಾಠ ನಾನು ಬೇರೆ ನೋಡಿಲ್ಲ.

ಊಟಕ್ಕೆ ಮುಂಚೆ ಎಲ್ಲರಿಗೂ ಸೋಪು ಹಚ್ಚಿ ಮೊಳಕೈವರೆಗೆ ಕೈ ತೊಳೆಯಿರಿ ಅಂದರು. ಗುಂಡು ಸೀಸದ್ದು. ಬೆರಳಿಗೆ ಹತ್ತಿದ ಸೀಸ ರೊಟ್ಟಿಯ ಜೊತೆ ಹೊಟ್ಟೆಗೆ ಹೋಗಬಾರದು, ಅದರಲ್ಲೂ ಮಕ್ಕಳಿಗೆ. ಗೆರೆಯ ಹತ್ತಿರ ನೀರಿನ ಬಾಟಲಿಯೂ ಬೇಡ. ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ.

ಮಧ್ಯಾಹ್ನ ರೈಫಲ್ ಕೈಗೆ ಬಂತು. ಹೊಸಬರಿಗೆ ಕೊಟ್ಟದ್ದು ಬ್ಯಾರೆಲ್ ಮಡಚಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್. ಇದನ್ನು ಗುಂಡಿಲ್ಲದೆ ಹಾರಿಸಬಾರದು. ಒಳಗಿನ ಪಿಸ್ಟನ್ ಎದುರಿಗೆ ತಡೆಯಿಲ್ಲದೆ ಬಡಿದು ಹಾಳಾಗುತ್ತದೆ. ಗುಂಡು 4.5 ಮಿಲಿಮೀಟರ್ ಅಗಲ, ತೂಕ ಸುಮಾರು ಅರ್ಧ ಗ್ರಾಂ. ಅಂಗೈಯಲ್ಲಿಟ್ಟು ಹತ್ತಿರದಿಂದ ನೋಡಿದೆ. ಡಮರುವಿನ ಹಾಗೆ ನಡು ಸಣ್ಣ. ಒಂದು ಕಡೆ ಟೊಳ್ಳಾದ ಲಂಗ, ಇನ್ನೊಂದು ಕಡೆ ಚಪ್ಪಟೆ ತಲೆ. ತಲೆ ಚಪ್ಪಟೆ ಇರುವುದರಿಂದಲೇ ಕಾಗದ ಹರಿಯುವುದಿಲ್ಲ, ದುಂಡಗೆ ಕತ್ತರಿಸಿದ ಹಾಗೆ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ.

ಚಾಪೆಯ ಮೇಲೆ ಬೋರಲು ಮಲಗಿ, ಮುಂದೆ ಮರಳಿನ ಸಣ್ಣ ಚೀಲಕ್ಕೆ ರೈಫಲ್ ಆನಿಸಿ ಮೊದಲ ಸುತ್ತು. ಐದೈದು ಗುಂಡು. "ಇವತ್ತು ನಡು ಚುಕ್ಕಿ ಬ್ಯಾಡ. ಗುಂಪು ಬೇಕು. ಐದೂ ಒಂದೇ ಜಾಗದಾಗ ಬಿದ್ದರ ಸಾಕು, ಎಲ್ಲಿ ಬಿದ್ದರೂ ಸೈ" ಅಂದರು ಸುಬೇದಾರರು. ಗುಂಪು ಸರಿಯಾದ ಮೇಲೆ ಸೈಟು ತಿರುಗಿಸಿ ಅದನ್ನು ನಡುವಿಗೆ ತರುವುದು ಎರಡು ನಿಮಿಷದ ಕೆಲಸ. ಗುಂಪೇ ಇಲ್ಲದಿದ್ದರೆ ಸೈಟು ತಿರುಗಿಸಿ ಏನು ಮಾಡೋದು? ಹೊಸಬರಿಗೆ ಅಂತ ಅವತ್ತು ಪಿಸ್ತೂಲಿನ ದೊಡ್ಡ ಕಾರ್ಡು ಹಾಕಿದ್ದರು. ಅಂಕದ ಜಾಗ 155.5 ಮಿಲಿಮೀಟರ್ ಅಗಲ. ಇವರ ಕಾರ್ಡಿನಲ್ಲಿ ತೂತುಗಳು ಮೇಲಿಂದ ಕೆಳಗೆ ಉದ್ದಕ್ಕೆ ಬಿದ್ದಿದ್ದವು. ಮೇಡಂ ಒಂದೇ ನೋಟಕ್ಕೆ, "ಉಸಿರಾಡ್ತಾ ಹೊಡದೀರಿ ಸರ್" ಅಂದರು. ಎದೆ ಏರಿದರೆ ಮೂತಿ ಇಳಿಯುತ್ತದೆ, ಎದೆ ಇಳಿದರೆ ಮೂತಿ ಏರುತ್ತದೆ. ಅರ್ಧ ಉಸಿರು ಬಿಟ್ಟು ತಡೆ. ಏಳೆಂಟು ಸೆಕೆಂಡಿನೊಳಗೆ ಹೊಡಿ. ಅದಕ್ಕಿಂತ ಜಾಸ್ತಿ ಆದರೆ ಕಣ್ಣು ಮಂಜಾಗಲು ಶುರು. ಆಗ ಹೊಡೆಯಬೇಡ, ಬಂದೂಕು ಇಳಿಸಿ ಮತ್ತೆ ಉಸಿರು ತಗೋ.

ನನಗೆ ಕಲಿಸಿದ್ದು ಬೇರೆ. ನಾನು ಕೈಯಿಂದ ರೈಫಲ್ಲನ್ನು ಗುರಿಯ ಕಡೆ ತಳ್ಳಿ ಹಿಡಿದಿದ್ದೆ. ಸುಬೇದಾರರು ಪಕ್ಕದಲ್ಲಿ ಕೂತು, "ಕಣ್ಣು ಮುಚ್ಚ್ರಿ. ಮೈ ಸಡಿಲ ಬಿಡ್ರಿ. ಎರಡು ಸಲ ಉಸಿರು ತಗೋರಿ. ಈಗ ಕಣ್ಣು ತೆಗೀರಿ" ಅಂದರು. ತೆರೆದು ನೋಡಿದರೆ ಸೈಟು ಪಕ್ಕದ ಕಾರ್ಡಿನ ಅಂಚಿಗೆ ಹೋಗಿತ್ತು. "ನಿಮ್ಮ ಮೈ ತೋರಿಸೋದು ಅಲ್ಲಿಗೆ. ಕೈಲಿಂದ ಎಳೀಬ್ಯಾಡ್ರಿ. ಸೊಂಟ, ಕಾಲು ಸರಿಸ್ರಿ." ಹೊಟ್ಟೆಯ ಮೇಲೆ ಇಷ್ಟಿಷ್ಟೇ ತಿರುಗುತ್ತಾ, ಮತ್ತೆ ಕಣ್ಣು ಮುಚ್ಚುತ್ತಾ, ತೆರೆಯುತ್ತಾ ಹೋದೆ. ಕೊನೆಗೊಮ್ಮೆ ಕಣ್ಣು ತೆರೆದಾಗ ಸೈಟು ತಾನಾಗಿಯೇ ಕಪ್ಪು ವೃತ್ತದ ಕೆಳಗೆ ಬಂದು ಕೂತಿತ್ತು. ಯಾವ ಸ್ನಾಯುವೂ ದುಡಿಯುತ್ತಿರಲಿಲ್ಲ. ಎದೆಯ ಬಡಿತಕ್ಕೆ ಮುಂದಿನ ಸೈಟು ಕೂದಲೆಳೆಯಷ್ಟು ಅಲುಗುವುದೂ ಕಾಣುತ್ತಿತ್ತು. ಟ್ರಿಗರ್ ಮೇಲೆ ಬೆರಳ ತುದಿಯ ಒತ್ತಡ ಮೆಲ್ಲಗೆ ಹೆಚ್ಚಿಸಿದೆ. ಯಾವಾಗ ಹಾರಿತೋ ನನಗೇ ತಿಳಿಯಲಿಲ್ಲ. ಹಾಗೇ ಇರಬೇಕಂತೆ. ಗುಂಡು ಹಾರಿದ ಮೇಲೂ ಒಂದು ಕ್ಷಣ ಸೈಟನ್ನೇ ನೋಡುತ್ತಿರಬೇಕು, ತಲೆ ಎತ್ತಬಾರದು. ಗುರಿಗಾರಿಕೆಗೆ ಬಲವಾದ ತೋಳು ಬೇಕು, ಹದ್ದಿನ ಕಣ್ಣು ಬೇಕು ಅನ್ನುವವರನ್ನು ಇಲ್ಲಿಗೆ ಕರೆದುಕೊಂಡು ಬರಬೇಕು. ಬೇಕಾದ್ದು ಮೈಯನ್ನು ಸರಿಯಾದ ಜಾಗಕ್ಕೆ ತಂದು ಬಿಡುವ ತಾಳ್ಮೆ. ಅದು ಯಾರಿಗೆ ಬೇಕಾದರೂ ಬರುತ್ತದೆ.

ಅದನ್ನು ತೋರಿಸಿಕೊಟ್ಟದ್ದು ನಮ್ಮ ಮಾವ. ಸಂಜೆಯಾಗುತ್ತಿದ್ದಂತೆ ಕುರ್ಚಿಯಲ್ಲಿ ಕೂತಿದ್ದವರ ಹತ್ತಿರ ಮೊಮ್ಮಗಳು ಹೋಗಿ ಕೈ ಹಿಡಿದು ಎಳೆದಳು. "ತಾತಾ, ಒಂದ ಸಲ." ಮಾವನಿಗೆ ಹತ್ತಿರದ್ದು ಕಾಣಲ್ಲ, ಮುಂದಿನ ಸೈಟು ಬರೀ ಮಸುಕು. ಕೈಯಲ್ಲಿ ಸಣ್ಣ ನಡುಕವೂ ಇದೆ. ಸುಬೇದಾರರು ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಕೂರಿಸಿದರು. ಬೇರೆ ರೈಫಲ್ ತಂದರು, ಹಿಂದಿನ ಸೈಟಿನಲ್ಲಿ ಸಣ್ಣ ತೂತು ಇರುವ ಪೀಪ್ ಸೈಟಿನದ್ದು. "ಇದರಾಗ ನೋಡ್ರಿ ಯಜಮಾನ್ರ." ಮಾವ ಒಂದು ನಿಮಿಷ ಸುಮ್ಮನೆ ನೋಡಿದರು. "ಅರೆ, ಈಗ ಎರಡೂ ಕಾಣಾಕತ್ತಾವಲ್ಲ!" ಅಂದರು. ಸಣ್ಣ ತೂತಿನಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ. ಕನ್ನಡಕ ಇಲ್ಲದಾಗ ಬೆರಳುಗಳ ಸಣ್ಣ ಸಂದಿಯಿಂದ ಅಕ್ಷರ ಓದಲು ಆಗುವುದೂ ಇದೇ ಕಾರಣಕ್ಕೆ. ಮಾವನ ಗುಂಪು ಅವತ್ತು ಇವರದ್ದಕ್ಕಿಂತ ಚಿಕ್ಕದಿತ್ತು. ಮಗ ಅಪ್ಪನ ಕಾರ್ಡು ಹಿಡಿದು ಎಲ್ಲರಿಗೂ ತೋರಿಸುತ್ತಾ ಓಡಾಡಿದ.

ಶನಿವಾರ ಸಂಜೆ, ಕೋಟೆ

ಬೆಳಕು ಇನ್ನೂ ಇತ್ತು. ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಕೋಟೆ. ಮಾವ ಮನೆಗೆ ಹೋದರು, ನಾವು ಮೂವರೂ ನಾದಿನಿಯೂ ಕೋಟೆ ನೋಡಲು ನಡೆದೆವು.

ಒಳಗೋಡೆಯಲ್ಲಿ 1294ರ ಶಾಸನದ ಕಲ್ಲು ಇದೆ. 40 ಅಡಿಗೂ ಉದ್ದದ ಒಂದೇ ಬಂಡೆ. ಕಾಕತೀಯರ ಕಾಲದ್ದು, ಭಾಷೆ ತೆಲುಗು. ಅದರ ಹತ್ತಿರವೇ ಗೋಡೆಯಲ್ಲಿ ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಗೀರುಚಿತ್ರ ಇದೆ. ಉದ್ದಕ್ಕೆ ಹೂಡಿದ ಕೋಣಗಳ ಸಾಲು, ಹಿಂದೆ ಬಂಡಿಯ ಗಾಲಿಗಳು. ನಾದಿನಿ ಈ ಊರಿಗೆ ಸೊಸೆಯಾಗಿ ಬಂದು ವರ್ಷಗಳಾಗಿವೆ, ಅಲ್ಲಿ ನಿಂತು ನೋಡಿದ್ದು ಇದೇ ಮೊದಲಂತೆ.

ಆದರೆ ನಮಗೆ ಅವತ್ತು ಬೇಕಿದ್ದದ್ದು 1520ರ ಕಥೆ. ಬಂದೂಕಿನ ಗುರಿಗೂ ರಾಯಚೂರಿಗೂ ಇರುವ ನಂಟು ಸಣ್ಣದಲ್ಲ. ಆ ವರ್ಷ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಉಳಿಸಲು ಬಂದ ಆದಿಲ್ ಶಾಹನ ಸೈನ್ಯ ಕೃಷ್ಣಾ ನದಿ ದಾಟಿ ಬಂದು ಸೋತಿತು. ಆದರೂ ಕೋಟೆ ಬಗ್ಗಲಿಲ್ಲ. ಆಗ ಕ್ರಿಸ್ಟೊವಾವ್ ದೆ ಫಿಗೆರೆದೊ ಅನ್ನುವ ಪೋರ್ಚುಗೀಸ್ ತನ್ನ ಕೆಲವು ಬಂದೂಕುಗಾರರ ಜೊತೆ ರಾಯನ ಪಾಳೆಯಕ್ಕೆ ಬಂದ. ಅಲ್ಲಿಯವರೆಗೆ ಗೋಡೆಯ ಮೇಲಿನವರು ಭಯವಿಲ್ಲದೆ ಓಡಾಡುತ್ತಿದ್ದರು. ಈ ಬಂದೂಕುಗಾರರು ಕೋಟೆಗೋಡೆಯ ತೆನೆಗಳ ನಡುವೆ ತಲೆ ಕಂಡ ಕಡೆಗೆಲ್ಲ ಗುರಿ ಇಟ್ಟರು. ಮೇಲೆ ನಿಲ್ಲಲು ಆಗದಂತಾದಾಗ ಕೆಳಗಿನ ಸೈನಿಕರು ಬಂದು ಗೋಡೆಯ ಕಲ್ಲು ಕೀಳತೊಡಗಿದರು. ಕಡೆಗೆ ಕೋಟೆಯ ಅಧಿಕಾರಿಯೇ ಕೆಳಗೆ ಬಗ್ಗಿ ನೋಡುವಾಗ ಹಣೆಗೆ ಗುಂಡು ಬಿದ್ದು ಸತ್ತ, ಕೋಟೆ ಶರಣಾಯಿತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್.

ಮಗಳು ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡಿದಳು. ಆ ಕಾಲದ ಬಂದೂಕಿನ ನಳಿಗೆ ಒಳಗೆ ನುಣ್ಣಗಿರುತ್ತಿತ್ತು. ಗುಂಡನ್ನು ತಿರುಗಿಸಿ ನೇರ ಕಳಿಸುವ ಸುರುಳಿ ಗೀರುಗಳು ಅದರಲ್ಲಿ ಇರಲಿಲ್ಲ. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಕೊಡಬೇಕಿತ್ತು. ಇಷ್ಟನ್ನು ಮಧ್ಯಾಹ್ನವೇ ಸುಬೇದಾರರಿಂದ ಕೇಳಿ ತಿಳಿದುಕೊಂಡಿದ್ದಳು. "ಆ ಬತ್ತಿ ಉರಿಯೋತನಕ ಅವರು ಉಸಿರು ತಡೀತಿದ್ರೇನವ್ವಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮ್ಯಾಲೆ ಇದ್ದವರು ಮನುಷ್ಯರೇ ಅಲ್ಲೇನು" ಅಂದಳು. ಹೌದು ಅಂದೆ. ಕಾಗದಕ್ಕೆ ಹೊಡೆಯುವುದು ಕಲಿಯುವ ಮಕ್ಕಳಿಗೆ ಈ ಎರಡನೇ ಪ್ರಶ್ನೆಯೂ ಬರಬೇಕು. ಅವಳಿಗೆ ಅದು ಯಾರೂ ಹೇಳದೆ ಬಂತು, ನನಗೆ ಸಮಾಧಾನ ಆಯಿತು.

ಭಾನುವಾರ

ಎರಡನೇ ದಿನ ಮಂಡಿ ಊರಿ ಕೂರುವುದು, ನಿಲ್ಲುವುದು. ಮಂಡಿ ಊರುವಾಗ ಹಿಂದಿನ ಪಾದದ ಕೆಳಗೆ ಒಂದು ದಿಂಬು ಬೇಕು, ಕಣಕಾಲಿನ ಮೇಲೆ ಭಾರ ಬೀಳದ ಹಾಗೆ. ಗೋಣಿಚೀಲ ಸುರುಳಿ ಸುತ್ತಿ ಅದನ್ನೇ ದಿಂಬು ಮಾಡಿದ್ದರು. ನಿಲ್ಲುವುದಂತೂ ಕಷ್ಟದ್ದು. ರೈಫಲ್ಲಿನ ಭಾರವನ್ನು ತೋಳು ಹೊರಬಾರದು, ಮೂಳೆ ಹೊರಬೇಕು. ಮುಂದಿನ ಮೊಳಕೈಯನ್ನು ಸೊಂಟದ ಮೂಳೆಗೆ ಆನಿಸಿ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಭಾರ ನೇರ ಪಾದಕ್ಕೆ ಇಳಿಯುತ್ತದೆ. ಹೆಂಗಸರಿಗೆ ಇದು ಬೇಗ ಕೂಡಿ ಬಂತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಎಷ್ಟು ಹೊತ್ತಾದರೂ ನಿಲ್ಲುವವರು ನಾವು ತಾನೇ.

ಆವತ್ತು ನಿಜವಾದ ರೈಫಲ್ ಕಾರ್ಡು ಹಾಕಿದರು. ಇಡೀ ಅಂಕದ ಜಾಗವೇ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್, ಗುಂಡಿಗಿಂತ ಎಷ್ಟೋ ಸಣ್ಣದು. ಗುಂಡು ಅದನ್ನು ಸವರಿದರೆ ಹತ್ತು. ದೊಡ್ಡ ಸ್ಪರ್ಧೆಗಳಲ್ಲಿ 75 ನಿಮಿಷದಲ್ಲಿ ಇಂಥ 60 ಗುಂಡು ಹೊಡೆಯಬೇಕು, ಅದೂ ನಿಂತೇ. ಹೆಂಗಸರಿಗೆ ಮೊದಲು 40 ಇತ್ತು. 2018ರಿಂದ ಅವರಿಗೂ 60. ಸ್ಪರ್ಧೆಗೆ ಬಳಸುವ ಮ್ಯಾಚ್ ರೈಫಲ್ ಒಂದೇ ಒಂದು ಅಲ್ಲಿತ್ತು, ಒತ್ತಿದ ಗಾಳಿಯ ಸಿಲಿಂಡರ್ ಇರುವುದು. ಅದನ್ನು ಎಲ್ಲರೂ ಸರದಿಯಲ್ಲಿ ಹೆಗಲಿಗೆ ಇಟ್ಟು ನೋಡಿದೆವು. ಹಾರಿದಾಗ ಹೆಗಲಿಗೆ ತಟ್ಟಿದ್ದೇ ಗೊತ್ತಾಗಲಿಲ್ಲ.

ಚಹಾದ ಹೊತ್ತಿನಲ್ಲಿ ಮೇಡಂ ಅಭಿನವ್ ಬಿಂದ್ರಾ ಬಗ್ಗೆ ಹೇಳಿದರು. 2008ರ ಬೀಜಿಂಗ್‌ನಲ್ಲಿ ಬಂದದ್ದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಚಿನ್ನ. ಅದು ಬಂದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿಗೆ ಬೆಳ್ಳಿ ಗೆದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಅವರಿಗೆ ಮುಖದ ಒಂದು ಭಾಗ ಪಾರ್ಶ್ವವಾಯು ಆಗಿತ್ತು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್‌ಗೆ ಎರಡು ಕಂಚು. 50 ಮೀಟರ್ ಮೂರು ಭಂಗಿಯಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ಇದ್ದವರು. ಮಂಡಿ ಊರಿ, ಮಲಗಿ, ನಿಂತು, ಮೂರೂ ರೀತಿ ಹೊಡೆಯಬೇಕು ಅದರಲ್ಲಿ. ಬೆಳಿಗ್ಗೆ ಗೋಣಿಚೀಲದ ದಿಂಬಿನ ಮೇಲೆ ಕಾಲು ಜೋಮು ಹಿಡಿಸಿಕೊಂಡಿದ್ದ ಹುಡುಗರು ಬಾಯಿ ತೆರೆದು ಕೇಳಿದರು.

ಕೊನೆಗೆ ಮನೆಮಂದಿಯ ಸ್ಪರ್ಧೆ. ಒಂದೊಂದು ಮನೆ ಒಂದು ತಂಡ. ಎಲ್ಲರ ಅಂಕ ಕೂಡಿಸುವುದು, ಸಮಯ ಗೊತ್ತು ಮಾಡಿದ್ದು. ನನ್ನ ಮಗಳು ಕೊನೆಯ ಗುಂಡಿಗೆ ರೈಫಲ್ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಹಿಂದೆ ಕೂತಿದ್ದ ನಮಗೆಲ್ಲ ಚಡಪಡಿಕೆ. ಗಡಿಯಾರ ಓಡುತ್ತಿತ್ತು. ಇವರು ಬಾಯಿ ತೆರೆಯುವಷ್ಟರಲ್ಲಿ ಸುಬೇದಾರರು ಕೈ ಅಡ್ಡ ಹಿಡಿದರು. ಅವಳು ಒಂದು ಕಾಲು ಇಷ್ಟೇ ಸರಿಸಿ, ಕಣ್ಣು ಮುಚ್ಚಿ ತೆರೆದು, ಮತ್ತೆ ಎತ್ತಿ ಹೊಡೆದಳು. ಎಂಟು ಬಿತ್ತು. "ಈ ಎಂಟು ನನಗ ಹತ್ತಕ್ಕಿಂತ ದೊಡ್ಡದು. ಸರಿ ಕಾಣದಿದ್ದಾಗ ಹೊಡೀಲಾರದ ಇಳಿಸಾಕ ಬಂತಲ್ಲ ಬೇಟಾ, ಅದನ್ನ ಕಲಿಸಾಕ ವರ್ಷ ಬೇಕು" ಅಂದರು. ಶಕ್ತಿನಗರದ ಅಜ್ಜಿಯ ಮನೆಯವರು ಗೆದ್ದರು. ಬಹುಮಾನ ಅವರವರ ಕಾರ್ಡೇ, ಮೇಲೆ ಸುಬೇದಾರರ ಸಹಿ.

ಮುಗಿಸುವ ಮುಂಚೆ ಕಾನೂನಿನ ಮಾತು ಸ್ಪಷ್ಟವಾಗಿ ಹೇಳಿದರು. ನಳಿಗೆಯ ಒಳ ಅಗಲ 4.5 ಮಿಲಿಮೀಟರ್ ಮೀರದ, 20 ಜೌಲ್ ಮೀರದ ಶಕ್ತಿಯ ಏರ್ ಗನ್ನಿಗೆ 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ಅದು ಆಟದ ಸಾಮಾನಲ್ಲ, ಹತ್ತಿರದಿಂದ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಮನೆಯಲ್ಲಿ ಇಟ್ಟರೆ ಬೀಗ ಹಾಕಿ, ಗುಂಡಿನ ಡಬ್ಬಿ ಬೇರೆ ಕಡೆ. ಹಕ್ಕಿಗೆ, ಅಳಿಲಿಗೆ, ನವಿಲಿಗೆ ಹಿಡಿಯುವ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ಹಿಡಿಯಬಾರದು ಅಂದರು ಮೇಡಂ. ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವರ ಬಗ್ಗೆ ಮಾತಾಡುವಾಗ ಮಾತ್ರ ಸುಬೇದಾರರ ದನಿ ಬಿಗಿಯಾಯಿತು. ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕು.

ನನಗೆ ಒಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ಈ ಕ್ರೀಡೆಗೆ ಬೇಕಾದ ಜಾಗ ಎಷ್ಟು ಕಡಿಮೆ! ಈಜುಕೊಳ ಬೇಡ, ಓಟದ ಟ್ರ್ಯಾಕ್ ಬೇಡ. 10 ಮೀಟರ್ ಉದ್ದದ, ಒಳ್ಳೆ ಬೆಳಕಿನ, ಹಿಂದೆ ಗಟ್ಟಿ ಗೋಡೆ ಇರುವ ಒಂದು ಕೋಣೆ, ಬಲ್ಲವರೊಬ್ಬರು, ನಾಲ್ಕಾರು ರೈಫಲ್ಲು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಖಾಲಿ ಗೋದಾಮುಗಳಿಗೆ ಬರವೇ? ಸೈನ್ಯದಿಂದ ಬಂದು ಊರಲ್ಲಿ ಇರುವ ಹವಾಲ್ದಾರರು, ಸುಬೇದಾರರು ಇಲ್ಲವೇ? ತೂಕ, ಎತ್ತರ, ಓಟದ ವೇಗ ಇಲ್ಲದ ಮಕ್ಕಳಿಗೆ ಶಾಲೆಯ ಆಟದ ಮೈದಾನದಲ್ಲಿ ಜಾಗ ಸಿಗುವುದೇ ಕಷ್ಟ. ಇಲ್ಲಿ ಆ ಮಕ್ಕಳು ಎಲ್ಲರ ಜೊತೆ ಸಮನಾಗಿ ನಿಲ್ಲುತ್ತಾರೆ. ತಾತನ ಪಕ್ಕ ಮೊಮ್ಮಗಳು, ಅಪ್ಪನ ಪಕ್ಕ ಮಗಳು ಒಂದೇ ಗೆರೆಯ ಮೇಲೆ ಆಡುವ ಆಟ ನಮ್ಮಲ್ಲಿ ಬೇರೆ ಯಾವುದಿದೆ?

ಸಂಜೆ ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ಕೂತರು. ಪೀಪ್ ಸೈಟು ಎಷ್ಟಕ್ಕೆ ಸಿಗುತ್ತದೆ, ಅದನ್ನು ಬೇರೆ ಏರ್ ಗನ್ನಿಗೆ ಹಾಕಬಹುದಾ ಅಂತ ಇವರನ್ನು ಕೇಳುತ್ತಿದ್ದರು. ಸದ್ಯಕ್ಕೆ ಮನೆಗೆ ಏನೂ ತರುವುದಿಲ್ಲ ಅಂತ ನಾನು ಹೇಳಿದೆ. ಬೀಗದ ಕಪಾಟು, ಹಿಂದೆ ಗಟ್ಟಿ ಗೋಡೆ, ಹೇಳಿಕೊಡುವವರು, ಮೂರೂ ಆಗುವವರೆಗೂ ಬೇಡ. ಇವರು ಒಪ್ಪಿದರು. ಮಾವನೂ ಒಪ್ಪಿದರು, ಬೇಸರದಿಂದಲೇ.

ಮಗಳು ಈಗ ಏಳನೇ ಕ್ಲಾಸು. ಎನ್‌ಸಿಸಿ ಜೂನಿಯರ್ ವಿಭಾಗಕ್ಕೆ ಸೇರಲು ಬೇಕಾದ ವಯಸ್ಸು ಜೂನ್ ಹೊತ್ತಿಗೆ ಅವಳಿಗೆ ಆಗಿರುತ್ತದೆ. ಅಲ್ಲಿ .22 ರೈಫಲ್ಲಿನಿಂದ ಹೊಡೆಯಲು ಕಲಿಸುತ್ತಾರೆ ಅಂತ ಮೇಡಂ ಹೇಳಿದ್ದರು. ಅವಳ ಶಾಲೆಯಲ್ಲಿ ಎನ್‌ಸಿಸಿ ಇಲ್ಲ, ಊರಿನ ಇನ್ನೊಂದು ಶಾಲೆಯಲ್ಲಿ ಇದೆಯಂತೆ. ಸೋಮವಾರ ಅವಳಪ್ಪ ಆ ಶಾಲೆಯ ಹೆಡ್‌ಮಾಸ್ಟರನ್ನು ಕೇಳಲು ಹೋಗುತ್ತಿದ್ದಾರೆ. ಸುಬೇದಾರರು ಮುಂದಿನ ಶಿಬಿರ ಯುಗಾದಿಗೆ ಮುಂಚೆ, ಬಿಸಿಲು ಏರುವ ಮೊದಲು ಮಾಡುತ್ತೇವೆ ಅಂದಿದ್ದಾರೆ. ನಾದಿನಿ ಮತ್ತು ಅವಳ ಇಬ್ಬರು ಗಂಡುಮಕ್ಕಳ ಹೆಸರು ಈಗಾಗಲೇ ಬರೆಸಿ ಬಂದಿದ್ದೇನೆ. ನನ್ನ ಶಾಲೆಯ ಮಕ್ಕಳಲ್ಲಿ ಬರುತ್ತೇನೆ ಅನ್ನುವವರ ಮನೆಗೆ ಈ ವಾರ ಹೋಗಿ, ಅವರ ಅಪ್ಪ ಅಮ್ಮಂದಿರ ಜೊತೆ ಮಾತಾಡಬೇಕು.